ಪಹಣಿಯ ದಾರಿಯಲ್ಲಿ ಬರುವ ದುಡ್ಡು

ರಾಯಚೂರು ಜಿಲ್ಲೆಯ ರೈತರ ಬ್ಯಾಂಕ್ ಖಾತೆಗೆ ಬೆಳೆಯ ಹೆಸರಿನಲ್ಲಿ ಸರ್ಕಾರದ ಹಣ ಮುಖ್ಯವಾಗಿ ನಾಲ್ಕು ದಾರಿಗಳಲ್ಲಿ ಬರುತ್ತದೆ. ಬೆಳೆ ಬಂದರೂ ಬಾರದಿದ್ದರೂ ವರ್ಷಕ್ಕೆ ಮೂರು ಕಂತಿನಲ್ಲಿ ಬೀಳುವ ಕಿಸಾನ್ ಸಮ್ಮಾನ್ ಹಣ ಒಂದು. ಇಳುವರಿ ಕುಸಿದಾಗ ಬರಬೇಕಾದ ಬೆಳೆ ವಿಮೆ ಇನ್ನೊಂದು. ಪೇಟೆ ದರ ಬಿದ್ದಾಗ ಖರೀದಿ ಕೇಂದ್ರದಲ್ಲಿ ಸಿಗುವ ಬೆಂಬಲ ಬೆಲೆ ಮೂರನೆಯದು. ಬರವೋ ನೆರೆಯೋ ಬಂದು, ಸರ್ಕಾರ ಅದನ್ನು ಒಪ್ಪಿಕೊಂಡ ಮೇಲೆ ಕೈಸೇರುವ ಬೆಳೆ ಪರಿಹಾರ ನಾಲ್ಕನೆಯದು. ಹಳ್ಳಿಯ ಮಾತಿನಲ್ಲಿ ಇವೆಲ್ಲ ‘ಪರಿಹಾರದ ರೊಕ್ಕ’ ಅಷ್ಟೇ. ಕಚೇರಿಯಲ್ಲಿ ಮಾತ್ರ ಒಂದೊಂದರ ಲೆಕ್ಕವೂ ಬೇರೆ, ಅಳತೆಯೂ ಬೇರೆ, ಹಣ ಕೊಡುವ ಕೈಯೂ ಬೇರೆ. ಎಲ್ಲಕ್ಕೂ ಸಮಾನವಾದದ್ದು ಒಂದೇ: ನಾಲ್ಕೂ ಹುಡುಕಿಕೊಂಡು ಬರುವುದು ಪಹಣಿಯಲ್ಲಿರುವ ಹೆಸರನ್ನು.

ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ನಡುವಿನ ಈ ದೋಆಬ್‌ನಲ್ಲಿ ನೀರುಂಡ ಊರು, ನೀರಿಲ್ಲದ ಊರು ಅಕ್ಕಪಕ್ಕದಲ್ಲೇ ಇವೆ. ಮಾನ್ವಿ ತಾಲ್ಲೂಕಿನ ಬಹುಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯೇ ಜೀವ. ಅಲ್ಲಿನ ಬೆಳೆ ನೆಲ್ಲು. ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿಗೆ ಬರುವ ಹೊತ್ತಿಗೆ ನೀರು ಸೊರಗಿರುತ್ತದೆ, ರಾಯಚೂರು ತಾಲ್ಲೂಕು ಮುಟ್ಟುವ ಹೊತ್ತಿಗೆ ಇನ್ನೂ ಸೊರಗಿರುತ್ತದೆ. ‘ಕೊನೆ ಭಾಗದ ರೈತರು’ ಎಂಬ ಮಾತು ಇಲ್ಲಿ ಒಂದು ಜಾತಿಯ ಹೆಸರಿನಷ್ಟು ಗಟ್ಟಿಯಾಗಿ ಬಳಕೆಯಲ್ಲಿದೆ. ದೇವದುರ್ಗದ ಕತೆ ಬೇರೆ. ನಾರಾಯಣಪುರ ಬಲದಂಡೆ ಕಾಲುವೆ ಅಲ್ಲಿಗೆ ಬಂದದ್ದು ತಡವಾಗಿ, ಬಂದದ್ದೂ ಎಲ್ಲ ಹೊಲಗಳಿಗಲ್ಲ. ಮಳೆ ನಂಬಿದ ಎರೆ ಭೂಮಿಯಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿ ನಡೆಯುತ್ತವೆ. ಬೆಳೆ ಕೈಕೊಟ್ಟರೆ ಬೆಂಗಳೂರಿಗೋ ಪುಣೆಗೋ ಗುಳೆ. ಪ್ರಾದೇಶಿಕ ಅಸಮಾನತೆ ಕುರಿತು 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಈ ತಾಲ್ಲೂಕನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿ ಇಟ್ಟಿತ್ತು. ಎರಡೂ ಕಡೆಯ ಫಸಲು ಕೊನೆಗೆ ಸೇರುವುದು ರಾಯಚೂರು ನಗರಕ್ಕೆ: ರಾಜೇಂದ್ರ ಗಂಜ್‌ನ ಅಡತಿ ಅಂಗಡಿಗಳಿಗೆ, ಜಿನ್ನಿಂಗ್ ಕಾರ್ಖಾನೆಗಳಿಗೆ, ರೈಸ್ ಮಿಲ್‌ಗಳಿಗೆ.

ನಾಲ್ಕರಲ್ಲಿ ಅತಿ ಸರಳವಾದದ್ದು ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿ. 2019ರ ಫೆಬ್ರುವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ ಒಂದು ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂ., ನಾಲ್ಕು ತಿಂಗಳಿಗೊಮ್ಮೆ 2,000 ರೂ. ಮೊದಲು ಎರಡು ಹೆಕ್ಟೇರ್ ಒಳಗಿನವರಿಗೆ ಮಾತ್ರ ಇತ್ತು; ಕೆಲವೇ ತಿಂಗಳಲ್ಲಿ ಆ ಮಿತಿ ತೆಗೆದರು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು, ವೈದ್ಯರು, ವಕೀಲರಂಥವರು ಹೊರಗೆ. ಜಮೀನು 2019ರ ಫೆಬ್ರುವರಿ 1ಕ್ಕೆ ಹೆಸರಿನಲ್ಲಿ ಇರಬೇಕು ಎಂಬ ಷರತ್ತಿದೆ. ಆಮೇಲೆ ಕೊಂಡವರಿಗೆ ಇಲ್ಲ, ಪೌತಿಯಿಂದ ಬಂದವರಿಗೆ ಉಂಟು. ಕರ್ನಾಟಕ ಸರ್ಕಾರ 2019ರಿಂದ ಇದಕ್ಕೆ 4,000 ರೂ. ಸೇರಿಸಿ ವರ್ಷಕ್ಕೆ 10,000 ಮಾಡಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ರಾಜ್ಯದ ಪಾಲು ನಿಂತಿತು. ಒಂದು ಕಂತಿನ 2,000 ರೂಪಾಯಿಯಲ್ಲಿ ಒಂದು ಚೀಲ ಡಿಎಪಿ, ಎರಡು ಚೀಲ ಯೂರಿಯಾ ಬರುತ್ತದೆ. ಎರಡು ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಅಷ್ಟೇ. ಇದರಲ್ಲಿ ಒಂದು ನ್ಯಾಯವಿದೆ. ಬೆಳೆಯ ಜೊತೆಗೆ ಸಂಬಂಧ ಮಾತ್ರ ಇಲ್ಲ.

ಗಡಿಯಾಚೆಯ ಲೆಕ್ಕ ರಾಯಚೂರಿನವರ ಕಿವಿಗೆ ದಿನವೂ ಬೀಳುತ್ತದೆ. ತೆಲಂಗಾಣ 2018ರಲ್ಲಿ ತಂದ ರೈತುಬಂಧು ಯೋಜನೆ ಕುಟುಂಬಕ್ಕೆ ಇಷ್ಟು ಎನ್ನದೆ ಎಕರೆಗೆ ಇಷ್ಟು ಎಂದಿತು: ಮೊದಲು ಹಂಗಾಮಿಗೆ 4,000 ರೂ., ಆಮೇಲೆ 5,000. ಈಗ ರೈತು ಭರೋಸಾ ಎಂಬ ಹೆಸರಿನಲ್ಲಿ ಎಕರೆಗೆ ವರ್ಷಕ್ಕೆ 12,000 ರೂ. ಗಡಿಯ ಈಚೆಗೊಂದು, ಆಚೆಗೊಂದು ಹೊಲ ಇರುವವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಆದರೆ ಎಕರೆ ಲೆಕ್ಕದಲ್ಲಿ ಹೆಚ್ಚು ಭೂಮಿ ಇದ್ದವನಿಗೇ ಹೆಚ್ಚು ಹಣ ಎಂಬುದೂ ಅಷ್ಟೇ ನಿಜ.

ಬೆಳೆ ವಿಮೆ ಈ ನಾಲ್ಕರಲ್ಲಿ ಅತಿ ತೊಡಕಿನದು. ಹೆಚ್ಚು ಜಗಳಗಳೂ ಅದರ ಸುತ್ತಲೇ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆ ಕರ್ನಾಟಕದಲ್ಲಿ ‘ರೈತ ಸುರಕ್ಷಾ’ ಎಂಬ ಮಾತನ್ನೂ ಸೇರಿಸಿಕೊಂಡು, ‘ಸಂರಕ್ಷಣೆ’ ಎಂಬ ಪೋರ್ಟಲ್ ಮೂಲಕ ನಡೆಯುತ್ತದೆ. ವಿಮೆ ಮೊತ್ತದ ಶೇ 2ರಷ್ಟನ್ನು ಮುಂಗಾರು ಬೆಳೆಗೆ, ಶೇ 1.5ರಷ್ಟನ್ನು ಹಿಂಗಾರಿಗೆ ರೈತರು ಕಟ್ಟಬೇಕು. ಹತ್ತಿ ವಾಣಿಜ್ಯ ಬೆಳೆ, ಅದಕ್ಕೆ ಶೇ 5. ಹೀಗಾಗಿ ದೇವದುರ್ಗದಲ್ಲಿ ಒಂದೇ ಹೊಲದ ಬದುವಿನ ಈಚೆ ತೊಗರಿ, ಆಚೆ ಹತ್ತಿ ಇದ್ದರೆ ಕಟ್ಟುವ ದರ ಎರಡೂವರೆ ಪಟ್ಟು ಬೇರೆ. ಕಂಪನಿ ಕೇಳುವ ನಿಜವಾದ ಪ್ರೀಮಿಯಂ ಇದಕ್ಕಿಂತ ಬಹಳ ಹೆಚ್ಚು. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ತುಂಬುತ್ತವೆ. ಸಬ್ಸಿಡಿ ಎಂಬುದು ಇಲ್ಲಿ ರೈತರ ಖಾತೆಗೆ ಬರದೆ ನೇರ ವಿಮಾ ಕಂಪನಿಗೆ ಹೋಗುತ್ತದೆ.

ಹೊಲ ಒಣಗಿದವನಿಗೆ ಹಣ ಬರುತ್ತದೆ ಎಂದು ಜನ ತಿಳಿಯುತ್ತಾರೆ; ಯೋಜನೆ ಹಾಗೆ ಕೆಲಸ ಮಾಡುವುದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯ್ತಿಯನ್ನು, ಉಳಿದವಕ್ಕೆ ಹೋಬಳಿಯನ್ನು ಒಂದು ಘಟಕ ಎಂದು ಹಿಡಿಯುತ್ತಾರೆ. ಪಂಚಾಯ್ತಿಯಲ್ಲಿ ಒಂದು ಬೆಳೆಗೆ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಆರಿಸಿದ ಹೊಲದಲ್ಲಿ ಸಣ್ಣದೊಂದು ಚೌಕ ಗುರುತಿಸಿ, ಕೊಯ್ದು, ಒಕ್ಕಿ, ತೂಗುತ್ತಾರೆ. ನಾಲ್ಕರ ಸರಾಸರಿಯೇ ಇಡೀ ಪಂಚಾಯ್ತಿಯ ಇಳುವರಿ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿ ತೆಗೆದು, ಅದರ ಶೇ 70, 80 ಅಥವಾ 90ರಷ್ಟನ್ನು ‘ಪ್ರಾರಂಭಿಕ ಇಳುವರಿ’ ಎನ್ನುತ್ತಾರೆ. ಈ ಸಲದ ಇಳುವರಿ ಅದಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಶೇಕಡಾ ಪರಿಹಾರ. ಉದಾಹರಣೆಗೆ ಪ್ರಾರಂಭಿಕ ಇಳುವರಿ ಹೆಕ್ಟೇರಿಗೆ 10 ಕ್ವಿಂಟಲ್ ಎಂದಿಟ್ಟುಕೊಳ್ಳೋಣ, ಈ ಸಲ ಬಂದದ್ದು 7. ಕೊರತೆ ಶೇ 30. ವಿಮೆ ಮೊತ್ತದ ಶೇ 30 ಸಿಗುತ್ತದೆ. ಬಂದದ್ದು 10 ಆದರೆ ಏನೂ ಇಲ್ಲ.

ಈ ಸರಾಸರಿಯ ಲೆಕ್ಕ ಕಾಲುವೆ ಊರುಗಳಲ್ಲಿ ವಿಚಿತ್ರವಾಗಿ ತಿರುಗುತ್ತದೆ. ಒಂದೇ ಪಂಚಾಯ್ತಿಯಲ್ಲಿ ತೂಬಿನ ಬಾಯಿಗಿರುವ ಹೊಲ ಹಸಿರಾಗಿ, ಉಪಕಾಲುವೆಯ ತುದಿಯ ಹೊಲ ಬಿರುಕು ಬಿಟ್ಟಿರಬಹುದು. ಪ್ರಯೋಗದ ಹೊಲಗಳು ಮೇಲ್ಭಾಗದಲ್ಲೇ ಬಿದ್ದರೆ ತುದಿಯವರಿಗೆ ಕಿಲುಬು ಕಾಸೂ ಬರುವುದಿಲ್ಲ. ಮೇಲ್ಭಾಗದವರಿಗೆ ಬೇಕಾಗದ ಪರಿಹಾರ ಕೆಲವೊಮ್ಮೆ ಬರುವುದೂ ಉಂಟು. ಹತ್ತಿಯ ತೊಂದರೆ ಇನ್ನೊಂದು ಬಗೆಯದು: ನೆಲ್ಲಿನಂತೆ ಅದನ್ನು ಒಮ್ಮೆಗೇ ಕೊಯ್ಯುವುದಿಲ್ಲ, ತಿಂಗಳುಗಟ್ಟಲೆ ಸುತ್ತು ಸುತ್ತಾಗಿ ಬಿಡಿಸುತ್ತಾರೆ. ಪ್ರತಿ ಸುತ್ತನ್ನೂ ಬಂದು ತೂಗಿದರೆ ಮಾತ್ರ ಪ್ರಯೋಗದ ಅಂಕಿಗೆ ಅರ್ಥ.

ಸರಾಸರಿಗೆ ಕಾಯದೆ ಕೊಡುವ ಕೆಲವು ಬಾಬ್ತುಗಳಿವೆ. ಮಳೆಯಿಲ್ಲದೆ ಪಂಚಾಯ್ತಿಯ ಹೆಚ್ಚಿನ ಭಾಗದಲ್ಲಿ ಬಿತ್ತನೆಯೇ ಆಗದಿದ್ದರೆ ವಿಮೆ ಮೊತ್ತದ ಶೇ 25. ಹಂಗಾಮಿನ ನಡುವೆ ಬೆಳೆ ಅರ್ಧಕ್ಕಿಂತ ಕೆಳಗಿಳಿಯುವುದು ಖಚಿತವಾದರೆ ಮುಂಗಡ. ಆಲಿಕಲ್ಲು, ನೀರು ನಿಲ್ಲುವುದು, ಕೊಯ್ದು ಹೊಲದಲ್ಲಿ ಹರಡಿದ ಫಸಲು 14 ದಿನದೊಳಗೆ ಮಳೆಗೆ ತೊಯ್ಯುವುದು, ಇವುಗಳಿಗೆ ಹೊಲವಾರು ಸಮೀಕ್ಷೆ ಇದೆ; ಆದರೆ 72 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಮನೆಗೇ ನೀರು ನುಗ್ಗಿರುವವನಿಗೆ ಮೂರು ದಿನ ಎಂದರೆ ಏನೂ ಅಲ್ಲ. ನೆಲ್ಲು ಮುಳುಗುವುದನ್ನು 2018ರಲ್ಲಿ ಈ ಪಟ್ಟಿಯಿಂದ ಕೈಬಿಡಲಾಗಿತ್ತು. ಕೃಷ್ಣಾ, ತುಂಗಭದ್ರಾ ದಂಡೆಯ ಗದ್ದೆಗಳಿಗೆ ಅದೇ ದೊಡ್ಡ ಅಪಾಯವಾಗಿತ್ತು. 2026ರ ಮುಂಗಾರಿನಿಂದ ಮತ್ತೆ ಸೇರಿಸುವುದಾಗಿ ಕೇಂದ್ರ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಇಷ್ಟೆಲ್ಲ ಬಾಬ್ತುಗಳಲ್ಲಿ ಎಲ್ಲಿಯೂ ಸೇರದ ಒಂದು ನಷ್ಟ ಮಾನ್ವಿಯಲ್ಲಿದೆ. ಅದು ಎರಡನೇ ಬೆಳೆ. ತುಂಗಭದ್ರಾ ಜಲಾಶಯದಲ್ಲಿ ಎಷ್ಟು ನೀರಿದೆ ಎಂದು ನೋಡಿ ನೀರಾವರಿ ಸಲಹಾ ಸಮಿತಿ ಬೇಸಿಗೆ ನೆಲ್ಲಿಗೆ ನೀರು ಬಿಡಬೇಕೋ ಬೇಡವೋ ತೀರ್ಮಾನಿಸುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್‌ನ ಸರಪಳಿ ಕಡಿದು ಗೇಟ್ ಕೊಚ್ಚಿಹೋಯಿತು. ಆಮೇಲೆ ಅಷ್ಟೂ 33 ಗೇಟ್‌ಗಳನ್ನು ಬದಲಿಸಬೇಕೆಂದಾಯಿತು. ಆ ಕೆಲಸಕ್ಕಾಗಿ 2025–26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರಲು ನಿರ್ಧಾರವಾಯಿತು. ಬಿತ್ತದ ಬೆಳೆಗೆ ಇಳುವರಿಯ ಲೆಕ್ಕವಿಲ್ಲ, ಮಳೆ ಕೈಕೊಟ್ಟದ್ದೂ ಅಲ್ಲ. ಎಕರೆಗೆ ಇಂತಿಷ್ಟು ಪರಿಹಾರ ಕೊಡಿ ಎಂದು ರೈತ ಸಂಘಟನೆಗಳು ಬೀದಿಗಿಳಿದದ್ದು ಅದಕ್ಕೇ.

ವಿಮೆ ನೋಡುವುದು ತೂಕವನ್ನು, ಬೆಂಬಲ ಬೆಲೆ ನೋಡುವುದು ದರವನ್ನು. 1965ರಲ್ಲಿ ಹುಟ್ಟಿದ ಕೃಷಿ ಬೆಲೆ ಆಯೋಗ (1985ರಿಂದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ) ಶಿಫಾರಸು ಮಾಡಿದ ದರವನ್ನು ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಪ್ರಕಟಿಸುತ್ತದೆ. 2025–26ರ ಮುಂಗಾರಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,369 ರೂ., ಹೈಬ್ರಿಡ್ ಜೋಳಕ್ಕೆ 3,699, ತೊಗರಿಗೆ 8,000, ಉದ್ದ ಎಳೆಯ ಹತ್ತಿಗೆ 8,110. ಮಾನ್ವಿ ಸೀಮೆಯಲ್ಲಿ ನೆಲ್ಲಿನ ವ್ಯವಹಾರ 75 ಕೆ.ಜಿ. ಚೀಲದ ಲೆಕ್ಕದಲ್ಲಿ, ಆ ಲೆಕ್ಕಕ್ಕೆ ಇಳಿಸಿದರೆ ಬೆಂಬಲ ಬೆಲೆ ಚೀಲಕ್ಕೆ ಸುಮಾರು 1,777 ರೂ.

ದರ ಪ್ರಕಟವಾದರೆ ಸಾಲದು, ಆ ದರಕ್ಕೆ ಕೊಳ್ಳುವವರು ಬೇಕು. ಇಲ್ಲಿ ಒಂದೊಂದು ಬೆಳೆಗೆ ಒಂದೊಂದು ಸಂಸ್ಥೆ. ತೊಗರಿಯನ್ನು ನಾಫೆಡ್ ಪರವಾಗಿ ರಾಜ್ಯದ ಸಹಕಾರ ಮಾರಾಟ ಮಹಾಮಂಡಳ, ಪ್ರಾಥಮಿಕ ಸಹಕಾರ ಸಂಘಗಳು ಕೊಳ್ಳುತ್ತವೆ. 2024–25ರಲ್ಲಿ ತೊಗರಿಯ ಬೆಂಬಲ ಬೆಲೆ 7,550 ಇದ್ದಾಗ ರಾಜ್ಯ ಸರ್ಕಾರ ತನ್ನಿಂದ 450 ಸೇರಿಸಿ 8,000 ಮಾಡಿತು. ಭತ್ತ, ಜೋಳವನ್ನು ಪಡಿತರಕ್ಕೆಂದು ಕೊಳ್ಳುತ್ತಾರೆ. ಸೋನಾ ಮಸೂರಿಗೆ ಪೇಟೆಯಲ್ಲಿ ಬೆಂಬಲ ಬೆಲೆಗಿಂತ ಒಳ್ಳೆಯ ದರ ಇರುವ ವರ್ಷಗಳಲ್ಲಿ ಖರೀದಿ ಕೇಂದ್ರಗಳ ಕಡೆ ಯಾರೂ ತಲೆ ಹಾಕುವುದಿಲ್ಲ. ದರ ಬಿದ್ದ ವರ್ಷ ಮಾತ್ರ ಎಲ್ಲರಿಗೂ ಕೇಂದ್ರ ಬೇಕು. ಆಗ ಶೇ 17ಕ್ಕಿಂತ ಹೆಚ್ಚು ತೇವ ಇರಬಾರದೆಂಬ ನಿಯಮ ಅಡ್ಡ ಬರುತ್ತದೆ. ಕಟಾವು ಯಂತ್ರದಿಂದ ಹಸಿಹಸಿಯಾಗಿ ಬಿದ್ದ ನೆಲ್ಲನ್ನು ರಸ್ತೆಯ ಮೇಲೆ ಹರಡಿ ಒಣಗಿಸುವಷ್ಟು ದಿನ ಸಾಲ ಕೊಟ್ಟವನು ಕಾಯುವುದಿಲ್ಲ. ಹೊಲದ ಬದಿಗೇ ಲಾರಿ ತಂದು ತೂಗಿಸಿಕೊಳ್ಳುವ ವ್ಯಾಪಾರಿ ಹೇಳಿದ್ದೇ ದರ.

ಹತ್ತಿಯನ್ನು ಕೊಳ್ಳುವುದು 1970ರಲ್ಲಿ ಸ್ಥಾಪನೆಯಾದ ಭಾರತೀಯ ಹತ್ತಿ ನಿಗಮ, ಜನರ ಬಾಯಲ್ಲಿ ಸಿಸಿಐ. ಜಿನ್ನಿಂಗ್ ಕಾರ್ಖಾನೆಗಳಲ್ಲೇ ಅದರ ಕೇಂದ್ರಗಳು. ಶೇ 8ರಷ್ಟು ತೇವ ಇದ್ದರೆ ಪೂರ್ತಿ ದರ, ಅಲ್ಲಿಂದ ಶೇ 12ರವರೆಗೆ ಕಡಿತ, ಅದಕ್ಕೂ ಮೇಲಾದರೆ ವಾಪಸ್. ಮೊದಲ ಸುತ್ತಿನಲ್ಲಿ ಬಿಡಿಸಿದ ಹತ್ತಿ ಮಳೆ, ಇಬ್ಬನಿಗೆ ತೇವವಾಗಿರುತ್ತದೆ. ಹಬ್ಬಕ್ಕೆ, ಕೂಲಿಗೆ ಹಣ ಬೇಕಾದ ಸಮಯವೂ ಅದೇ. ಹೀಗಾಗಿ ಮೊದಲ ಹತ್ತಿ ಗಂಜ್‌ಗೆ, ಒಣಗಿದ ಮೇಲಿನದು ಸಿಸಿಐಗೆ ಎಂಬಂತಾಗುತ್ತದೆ. 2025ರ ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ಕೇಂದ್ರ ಸರ್ಕಾರ ಹತ್ತಿಯ ಆಮದು ಸುಂಕ ಶೇ 11ನ್ನು ತೆಗೆದುಹಾಕಿತು. ಗಿರಣಿಗಳಿಗೆ ಅನುಕೂಲವಾಯಿತು, ಆದರೆ ಹೊಸ ಹತ್ತಿ ರಾಯಚೂರಿನ ಗಂಜ್‌ಗೆ ಬರುವ ತಿಂಗಳುಗಳೂ ಅವೇ. ಒಂದು ಕೈ ಬೆಂಬಲ ಬೆಲೆ ಏರಿಸಿದಾಗ ಇನ್ನೊಂದು ಕೈ ಪೇಟೆ ದರ ಇಳಿಯಲು ಬಿಟ್ಟಂತಾಯಿತು. ಅದೇ ವರ್ಷ ನಿಗಮ ‘ಕಪಾಸ್ ಕಿಸಾನ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ನೋಂದಾಯಿಸಿಕೊಂಡವರಿಂದ ಮಾತ್ರ ಖರೀದಿ ಎಂದಿತು.

ತೂಕ ಒಬ್ಬರ ಕೈಯಲ್ಲಿ, ದರ ಇನ್ನೊಬ್ಬರ ಕೈಯಲ್ಲಿ ಇರುವ ಈ ಏರ್ಪಾಡಿನಲ್ಲಿ ರೈತನ ನಿಜವಾದ ಆದಾಯ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಳುವರಿ ಸ್ವಲ್ಪ ಇಳಿದು ದರವೂ ಸ್ವಲ್ಪ ಇಳಿದರೆ ವಿಮೆಯೂ ಬರದೆ, ಖರೀದಿ ಕೇಂದ್ರವೂ ತೆರೆಯದೆ ಹೋಗಬಹುದು. ಎರಡೂ ಕೂಡಿ ಆದ ನಷ್ಟ ಮಾತ್ರ ದೊಡ್ಡದು. ಅಮೆರಿಕ 2014ರ ಕೃಷಿ ಕಾಯ್ದೆಯಲ್ಲಿ ಇದಕ್ಕೊಂದು ದಾರಿ ಹುಡುಕಿತು. ಅಲ್ಲಿ ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ ಘಟಕ. ಆ ಕೌಂಟಿಯ ಸರಾಸರಿ ಇಳುವರಿಯನ್ನು ದರದಿಂದ ಗುಣಿಸಿ ಬಂದ ಆದಾಯ, ಹಿಂದಿನ ವರ್ಷಗಳ ಮಟ್ಟದ ಶೇ 86ಕ್ಕಿಂತ (2025ರ ಬೆಳೆಯಿಂದ ಶೇ 90ಕ್ಕಿಂತ) ಕೆಳಗಿಳಿದರೆ ಸರ್ಕಾರ ಕೊರತೆ ತುಂಬುತ್ತದೆ, ಅದೂ ಒಂದು ಮಿತಿಯೊಳಗೆ. ಆ ಹಣವೂ ಈ ಸಲ ಬಿತ್ತಿದ ಬೆಳೆಗಲ್ಲ, ದಾಖಲೆಯಲ್ಲಿ ಹಳೆಯದಾಗಿ ಬರೆದಿಟ್ಟ ಎಕರೆಗಳಿಗೆ. ಕಾಗದವೇ ಹೊಲಕ್ಕಿಂತ ದೊಡ್ಡದಾಗುವುದು ಎಲ್ಲ ಕಡೆಯೂ ಇದೆ. ಭಾರತದಲ್ಲೂ 2003–04ರ ಹಿಂಗಾರಿನಲ್ಲಿ ಭತ್ತ ಮತ್ತು ಗೋಧಿಗೆ ಕೃಷಿ ಆದಾಯ ವಿಮೆಯನ್ನು ಕೆಲವು ಜಿಲ್ಲೆಗಳಲ್ಲಿ ಪರೀಕ್ಷಿಸಿದ್ದರು, ಮರುವರ್ಷವೇ ನಿಂತುಹೋಯಿತು. ಮಧ್ಯಪ್ರದೇಶ 2017ರಲ್ಲಿ ‘ಭಾವಾಂತರ’ ಎಂದು ದರದ ವ್ಯತ್ಯಾಸವನ್ನು ಖಾತೆಗೆ ಹಾಕಿತು. ಕರ್ನಾಟಕದ ಮಾವಿಗೆ 2025ರಲ್ಲಿ ಅಂಥದ್ದೇ ಏರ್ಪಾಡು ಬಂತು. ರಾಯಚೂರಿನ ಹತ್ತಿ, ನೆಲ್ಲಿಗೆ ಅದು ಬಂದಿಲ್ಲ.

ನಾಲ್ಕನೆಯದು ಪ್ರಕೃತಿ ವಿಕೋಪದ ಬೆಳೆ ಪರಿಹಾರ. ಕಾನೂನಿನ ಭಾಷೆಯಲ್ಲಿ ಇದು ನಷ್ಟ ಪರಿಹಾರವಲ್ಲ, ಮುಂದಿನ ಬಿತ್ತನೆಗೆ ಕೊಡುವ ‘ಇನ್‌ಪುಟ್ ಸಬ್ಸಿಡಿ’. ಬೆಳೆ ಶೇ 33ಕ್ಕಿಂತ ಹೆಚ್ಚು ಹಾಳಾಗಿರಬೇಕು. ಎರಡು ಹೆಕ್ಟೇರ್ ಮೇಲೆ ಲೆಕ್ಕವಿಲ್ಲ. ಕೇಂದ್ರದ ಮಾನದಂಡದಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಮಳೆಯಾಶ್ರಿತ ದರವನ್ನು ಎಕರೆಗೆ ಇಳಿಸಿದರೆ ಸುಮಾರು 3,440 ರೂ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳು ಕೂಡಿ ಸಮೀಕ್ಷೆ ಮಾಡಿ ಪಟ್ಟಿ ಕಳಿಸಿದ ಮೇಲೆ ಹಣ.

ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂಬುದರಲ್ಲಿ ರಾಜಕೀಯದ ಪಾಲು ಇಲ್ಲಿ ಎಲ್ಲಕ್ಕಿಂತ ಹೆಚ್ಚು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ರಾಯಚೂರು ಜಿಲ್ಲೆಯೂ ಅದರಲ್ಲಿತ್ತು. ರಾಜ್ಯ ಕೇಳಿದ್ದು 18,171 ಕೋಟಿ ರೂ. ತಿಂಗಳುಗಟ್ಟಲೆ ಕಾದು, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಏಪ್ರಿಲ್‌ನಲ್ಲಿ ಕೇಂದ್ರ ಒಪ್ಪಿದ್ದು ಸುಮಾರು 3,454 ಕೋಟಿ. ಅಷ್ಟರಲ್ಲಿ ರಾಜ್ಯ ಮೊದಲ ಕಂತೆಂದು ರೈತರಿಗೆ 2,000 ರೂ.ವರೆಗೆ ಹಾಕಿತ್ತು. ಮುಂಗಾರು ಒಣಗಿದ್ದು ಆಗಸ್ಟ್‌ನಲ್ಲಿ. ಮುಂದಿನ ಬಿತ್ತನೆಗೆಂದು ಕೊಡುವ ಹಣ ಬಂದದ್ದು ಹಿಂಗಾರೂ ಮುಗಿದ ಮೇಲೆ. 2025ರಲ್ಲಿ ತದ್ವಿರುದ್ಧ: ಆಗಸ್ಟ್, ಸೆಪ್ಟೆಂಬರ್ ಮಳೆಗೆ ಕಲ್ಯಾಣ ಕರ್ನಾಟಕದ ತೊಗರಿ, ಹತ್ತಿ ನೀರಲ್ಲಿ ನಿಂತವು. ರಾಜ್ಯ ಸರ್ಕಾರ ಮಾನದಂಡದ ಮೇಲೆ ಹೆಕ್ಟೇರಿಗೆ 8,500 ಸೇರಿಸಿ ಮಳೆಯಾಶ್ರಿತ ಬೆಳೆಗೆ 17,000, ನೀರಾವರಿಗೆ 25,500 ಕೊಡುವುದಾಗಿ ಹೇಳಿತು.

ಈ ಹಣ ಯಾವ ದಾರಿಯಲ್ಲಿ ಬಂದರೂ ದಾಟಬೇಕಾದ ಬಾಗಿಲುಗಳು ಒಂದೇ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು. ಅದರ ಮೇಲೆ ‘ಫ್ರೂಟ್ಸ್’ ಎಂಬ ತಂತ್ರಾಂಶ ಬಂದು ಆಧಾರ್, ಪಹಣಿ, ಬ್ಯಾಂಕ್ ಖಾತೆ ಮೂರನ್ನೂ ಕಟ್ಟಿ ಪ್ರತಿ ರೈತನಿಗೆ ಒಂದು ಎಫ್‌ಐಡಿ ಸಂಖ್ಯೆ ಕೊಟ್ಟಿತು. ಮೂರನೆಯದು ಬೆಳೆ ಸಮೀಕ್ಷೆ: ಊರಿನದೇ ಹುಡುಗನೊಬ್ಬ ಮೊಬೈಲ್ ಹಿಡಿದು ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು ಸರ್ವೆ ನಂಬರಿಗೆ ಹಚ್ಚುತ್ತಾನೆ, 2020ರಿಂದ ರೈತರೇ ಮಾಡಬಹುದು. ವಿಮೆ ಕಟ್ಟುವಾಗ ಹತ್ತಿ ಎಂದು ಬರೆಸಿ, ಸಮೀಕ್ಷೆಯಲ್ಲಿ ತೊಗರಿ ಎಂದು ಬಿದ್ದರೆ ವಿಮೆ ತಿರಸ್ಕಾರ. ಹತ್ತಿಯ ನಡುವೆ ತೊಗರಿ ಸಾಲು ಹಾಕುವ ಎರೆ ಹೊಲದಲ್ಲಿ ಇಂಥ ಎಡವಟ್ಟಿಗೆ ಹೆಚ್ಚು ಪ್ರಯಾಸ ಬೇಕಿಲ್ಲ. ಮಧ್ಯವರ್ತಿಯ ಕೈಗೆ ಹಣ ಸಿಗದಂತೆ ಮಾಡಿದ್ದು ಈ ವ್ಯವಸ್ಥೆಯ ನಿಜವಾದ ಗೆಲುವು. ಅದರೊಂದಿಗೆ, ಸತ್ತ ಅಜ್ಜನ ಹೆಸರಿನಲ್ಲೇ ಪಹಣಿ ಉಳಿದ ಮನೆಗಳು, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ಜಂಟಿ ಖಾತೆಗಳು, ಗಂಡ ಗುಳೆ ಹೋದಾಗ ಹೊಲ ನಡೆಸುವ ಹೆಂಗಸರು ಬಾಗಿಲ ಹೊರಗೇ ಉಳಿದರು. ಪೌತಿ ಖಾತೆ ಮಾಡಿಸಲು ನಾಡಕಚೇರಿಗೆ ಅಲೆಯುವ ದಿನಗಳ ಕೂಲಿ ಕೂಡಿಸಿದರೆ ಒಂದು ಕಂತು ಅಲ್ಲೇ ಕರಗುತ್ತದೆ.

ಪೂರ್ತಿ ಹೊರಗಿರುವವರು ಲೀಜಿಗೆ ಹೊಲ ಹಿಡಿದವರು. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಆದ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಸೈನಿಕರಂಥ ಕೆಲವರಿಗಷ್ಟೇ ವಿನಾಯಿತಿ. ಕಾಗದದಲ್ಲಿ ಇಲ್ಲದ್ದು ಗದ್ದೆಯಲ್ಲಿ ಧಾರಾಳವಾಗಿದೆ. ತುಂಗಭದ್ರಾ ಕಾಲುವೆಯ ಬೆನ್ನಿಗೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿರಲಿ, ಸುತ್ತಲ ಹಳ್ಳಿಗಳಿರಲಿ, ಎಕರೆಗೆ ಇಷ್ಟು ಚೀಲ ಅಥವಾ ಇಷ್ಟು ರೊಕ್ಕ ಎಂದು ಮಾತಾಡಿ ನೆಲ್ಲು ಹಚ್ಚುವವರು ಬಹಳ. ಬೀಜ, ಗೊಬ್ಬರ, ನಾಟಿ ಕೂಲಿ, ಸಾಲ ಎಲ್ಲವೂ ಅವರದು. ಕಿಸಾನ್ ಸಮ್ಮಾನ್ ಮಾಲೀಕರಿಗೆ. ವಿಮೆಯ ನಿಯಮದಲ್ಲಿ ಗೇಣಿದಾರರಿಗೆ ಜಾಗವಿದೆ, ಆದರೆ ತೋರಿಸಲು ಕರಾರು ಪತ್ರ ಬೇಕು. ಬರೆದುಕೊಟ್ಟರೆ ನಾಳೆ ಹೊಲವೇ ಹೋದೀತೆಂಬ ಹೆದರಿಕೆ ಮಾಲೀಕನಿಗೆ. ಖರೀದಿ ಕೇಂದ್ರಕ್ಕೆ ನೆಲ್ಲು ಒಯ್ದರೂ ಮಾಲೀಕನ ಎಫ್‌ಐಡಿ ಬೇಕು, ಹಣ ಬೀಳುವುದೂ ಅವನ ಖಾತೆಗೇ. ನೆರೆ ಪರಿಹಾರವೂ ಹಾಗೆಯೇ. ಅಲ್ಲಿಂದ ಮುಂದೆ ಎಲ್ಲವೂ ಇಬ್ಬರ ನಡುವಿನ ಮಾತಿನ ಮೇಲೆ. ಕೆಲವರು ಪೂರ್ತಿ ಕೊಡುತ್ತಾರೆ, ಕೆಲವರು ಅರ್ಧ, ಕೆಲವರು ಮುಂದಿನ ವರ್ಷದ ಲೀಜಿಗೆ ಮುರಿದುಕೊಳ್ಳುತ್ತಾರೆ. ಮೇಲೆ ಹೇಳಿದ ಅಮೆರಿಕದ ಯೋಜನೆಯಲ್ಲಿ ನಗದು ಬಾಡಿಗೆಗೆ ಹೊಲ ಹಿಡಿದವನಿಗೇ ಸಬ್ಸಿಡಿ ಸಲ್ಲುತ್ತದೆ, ಪಾಲಿಗೆ ಹಿಡಿದರೆ ಇಬ್ಬರಿಗೂ ಹಂಚಿಕೆ. ತುಂಗಭದ್ರೆಯ ಆಚೆ ದಡದ ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದು, ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟದಂತೆ, 11 ತಿಂಗಳ ಮಟ್ಟಿಗೆ ಬೆಳೆಯ ಮೇಲೆ ಮಾತ್ರ ಹಕ್ಕು ಕೊಡುವ ಕಾರ್ಡ್ ಏರ್ಪಡಿಸಿತು. ಮಾಲೀಕ ಸಹಿ ಹಾಕಿದರೆ ಅದೇ ಕಾರ್ಡಿನ ಮೇಲೆ ಸಾಲ, ವಿಮೆ, ಪರಿಹಾರ. ನದಿಯ ಈಚೆ ದಡದಲ್ಲಿ, ಮಾನ್ವಿಯ ಲೀಜುದಾರನ ಕೈಯಲ್ಲಿ ಅಂಥ ಕಾರ್ಡ್ ಇಲ್ಲ.